ಸಾರಿಸಿದ ಕಾರು

ಚಕ್ರಪಾಣಿಯವರ ಕಾರು ಹತ್ತುವುದೆಂದರೆ ಪರೀಕ್ಷೆಗೆ ಕೂತ ಹಾಗೆ. ಮೊದಲು ಚಪ್ಪಲಿ ಬಿಚ್ಚಿ ಒಂದಕ್ಕೊಂದು ಬಡಿಯಬೇಕು. ಆಮೇಲೆ ಅವರು ಬಗ್ಗಿ ಅದರ ಅಡಿ ನೋಡುತ್ತಾರೆ. ತೃಪ್ತಿಯಾದರೆ ‘ಹೂಂ’ ಎನ್ನುತ್ತಾರೆ, ಇಲ್ಲವಾದರೆ ಇನ್ನೊಂದು ಸಲ ಬಡಿಸುತ್ತಾರೆ. ಹೆಂಡತಿ ಸತ್ಯಭಾಮಮ್ಮನವರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಗಾಂಧಿ ಬಜಾರಿಗೆ ಹೊರಟಾಗಲೆಲ್ಲ ಆಕೆ ಚಪ್ಪಲಿ ಬಡಿಯುತ್ತ, “ನೋಡಿದ್ಯೇನೆ ಲಚ್ಚಿ, ಕೈ ಹಿಡಿದ ಹೆಂಡ್ತೀನ ಹೀಗೆ ತಪಾಸಣೆ ಮಾಡೋ ಗಂಡಸು ಈ ಜಯನಗರದಲ್ಲಿ ಇನ್ನೊಬ್ರು ಇದಾರಾ?” ಎಂದು ನಮ್ಮ ಕೊಟ್ಟಿಗೆಯಲ್ಲಿ ನಿಂತು ನನ್ನ ಮುಂದೆ ನಗುತ್ತಿದ್ದರು.

ನಮ್ಮ ಕೊಟ್ಟಿಗೆಯಲ್ಲಿ ಏಕೆಂದರೆ, ಕಾರು ಇರುತ್ತಿದ್ದುದೇ ಅಲ್ಲಿ. ಇದು ಅರವತ್ತನೇ ಇಸವಿಯ ಆಚೀಚೆಯ ಮಾತು. ನಮ್ಮದು ಬೈರಸಂದ್ರ. ನಮ್ಮ ಹೊಲಗಳೆಲ್ಲ ಜಯನಗರ ಬಡಾವಣೆಗೆ ಹೋಗಿ, ರಾಗಿ ಬೆಳೆಯುತ್ತಿದ್ದ ಕಡೆ ಕಾಂಪೌಂಡು ಕಟ್ಟಿಕೊಂಡ ಮನೆಗಳು ಎದ್ದಿದ್ದವು. ಹೊಲ ಹೋದ ಮೇಲೆ ಎತ್ತುಗಳು ಹೋದವು, ಎತ್ತು ಹೋದ ಮೇಲೆ ಕೊಟ್ಟಿಗೆಯ ಅರ್ಧ ಖಾಲಿಯಾಯಿತು. ಸರ್ಕಾರಿ ಇಂಜಿನಿಯರಾಗಿದ್ದು ನಿವೃತ್ತರಾದ ಚಕ್ರಪಾಣಿಯವರು ನಮ್ಮ ಮನೆಯ ಪಕ್ಕದಲ್ಲೇ ಮನೆ ಕಟ್ಟಿದ್ದರು. ಲೆಕ್ಕಾಚಾರದ ಮನುಷ್ಯ ಎಲ್ಲಕ್ಕೂ ಜಾಗ ಬಿಟ್ಟು, ಕಾರಿಗೆ ಮಾತ್ರ ಬಿಡುವುದನ್ನು ಮರೆತಿದ್ದರು. ಹಾಗಾಗಿ ಅವರ ಕಪ್ಪು ಮಾರಿಸ್ ಕಾರು ನಮ್ಮ ಹಸುಗಳ ಪಕ್ಕದಲ್ಲಿ, ಎತ್ತುಗಳ ಜಾಗದಲ್ಲಿ ನಿಲ್ಲುತ್ತಿತ್ತು. ಕಾರಿಗೆ ಬೀಗ ಹಾಕುವ ರೂಢಿ ಇರಲಿಲ್ಲ. ಕೊಟ್ಟಿಗೆಗೆ ನಮ್ಮ ಅಜ್ಜಿ ಮಂಗಮ್ಮನ ಕಾವಲು ಇತ್ತು, ಅದು ಬೀಗಕ್ಕಿಂತ ಹೆಚ್ಚು.

ಆ ಕಾರಿನೊಳಗೆ ಒಂದು ಕಂದು ಬಣ್ಣದ ಕಾರ್ಪೆಟ್ಟು. ದೇಶ ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ಚಕ್ರಪಾಣಿಯವರು ಕಾರು ಕೊಂಡಾಗ ಅದೂ ಬಂದಿತ್ತು. ಉಣ್ಣೆಯದಂತೆ. ಅಷ್ಟು ವರ್ಷ ತುಳಿಸಿಕೊಂಡು ಅದರ ನವಿರೆಲ್ಲ ಉದುರಿ, ನೆಲಕ್ಕೆ ಹಾಸಿದ ಒರಟು ಚಾಪೆಯ ಹಾಗೆ ಕಾಣುತ್ತಿತ್ತು. ಮೇಲುಕೋಟೆಗೆ ಹೋಗುವ ದಾರಿಯಲ್ಲಿ ಸತ್ಯಭಾಮಮ್ಮನವರ ಕೈಯಿಂದ ಫ್ಲಾಸ್ಕಿನ ಕಾಫಿ ಚೆಲ್ಲಿ, ಅದರ ಮೇಲೆ ಅಂಗೈಯಗಲದ ಕಲೆಯಾಗಿತ್ತು. ಆ ಕಲೆ ಚಕ್ರಪಾಣಿಯವರ ಬದುಕಿನ ದೊಡ್ಡ ವ್ಯಥೆ. ಸೀಗೆಪುಡಿ, ನಿಂಬೆಹಣ್ಣು, ಅಂಟುವಾಳ, ಪೆಟ್ರೋಲು ಎಲ್ಲ ಹಾಕಿ ಉಜ್ಜಿದ್ದರು. ಕಾರು ಬಿಡಲು ಬಂದಾಗಲೆಲ್ಲ, “ಹೋಗ್ತಾನೇ ಇಲ್ಲ ನೋಡಮ್ಮ ಮಂಗಮ್ಮ” ಎಂದು ಅಜ್ಜಿಯ ಮುಂದೆ ತೋಡಿಕೊಳ್ಳುತ್ತಿದ್ದರು. ಅಜ್ಜಿ ಸಾವಿನ ಮನೆಯಲ್ಲಿ ಕೂತವಳ ಹಾಗೆ ಮುಖ ಮಾಡಿಕೊಂಡು, “ಅಯ್ಯೋ ಸ್ವಾಮಿ” ಎನ್ನುತ್ತಿದ್ದಳು.

ಇಂಥ ಮನುಷ್ಯ ನನ್ನ ಮದುವೆಗೆ ಕಾರು ಕೊಡುತ್ತೇನೆ ಎಂದಾಗ ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. “ಕೊಡೋದಲ್ಲ ಬೋರಣ್ಣ, ನಾನೇ ಓಡಿಸ್ತೀನಿ. ಮದುವೆ ಮಾರನೇ ದಿನ ಹುಡುಗೀನ ಹನುಮಂತನಗರದಾಚೆ ಶ್ರೀನಗರದ ಗಂಡನ ಮನೆ ಬಾಗಿಲಿಗೆ ಬಿಟ್ಟು ಬರ್ತೀನಿ” ಎಂದರು. ಅವರಿಗೆ ಮಕ್ಕಳಿರಲಿಲ್ಲ. ನಾನು ಚಿಕ್ಕಂದಿನಿಂದ ಅವರ ಮನೆಗೆ ಹಾಲು ಕೊಡಲು ಹೋಗಿ, ಸತ್ಯಭಾಮಮ್ಮನವರ ಅಡುಗೆಮನೆಯ ಹೊಸಿಲ ಮೇಲೆ ಕೂತು ಬೆಳೆದವಳು. ಅಷ್ಟು ಮಾಡಬೇಕೆಂದು ಅವರಿಗೆ ಅನ್ನಿಸಿತ್ತು.

ಹೊರಡುವ ದಿನ ಬೆಳಿಗ್ಗೆ ಹಸುಗಳ ಮೈ ಸವರಿ ಬರೋಣವೆಂದು ಕೊಟ್ಟಿಗೆಗೆ ಹೋದೆ. ಕಾರಿನ ಬಾಗಿಲುಗಳೆಲ್ಲ ತೆರೆದಿದ್ದವು. ಅಜ್ಜಿ ಸೀರೆ ಎತ್ತಿ ಕಟ್ಟಿಕೊಂಡು, ಮೊಣಕೈವರೆಗೂ ಹಸಿರು ಮಾಡಿಕೊಂಡು, ಸಗಣಿಯ ಮಂಕರಿಯ ಪಕ್ಕ ನಿಂತಿದ್ದಳು. ಕಾರಿನ ನೆಲ ಹಿಂದೆ ಮುಂದೆ ಎರಡೂ ಕಡೆ ಹದವಾಗಿ ಸಾರಿಸಿತ್ತು. ಬಾಗಿಲ ಅಂಚಿಗೆ ಕೆಮ್ಮಣ್ಣಿನ ಪಟ್ಟೆ, ಅದರ ಪಕ್ಕ ಸುಣ್ಣದ ಗೆರೆ. ನಾನು ಕಾಲಿಡುವ ಜಾಗದಲ್ಲಿ ಪುಟ್ಟದೊಂದು ರಂಗೋಲಿ.

“ನೋಡೇ ಲಚ್ಚಿ” ಎಂದಳು ಅಜ್ಜಿ. “ನಾನು ಮದುವ್ಯಾಗಿ ಹೊಂಟಾಗ ನಮ್ಮಜ್ಜಿ ಗಾಡಿ ತಟ್ಟೀನ ಹಿಂಗೇ ಸಾರ್ಸಿತ್ತು. ಸಾರಿಸ್ದೇ ಇರೋ ಗಾಡೀಲಿ ನಮ್ಮನೆ ಹೆಣ್ಣು ಗಂಡನ ಮನೆಗೆ ಹೋಗಾಕಿಲ್ಲ. ಸ್ವಾಮ್ಯೋರ ಆ ಕಲೇನೂ ಹೊಂಟೋಯ್ತು, ಕಂಡ್ಯಾ?”

ಕಲೆ ಹೋಗಿತ್ತು, ಸುಳ್ಳಲ್ಲ. ಸಗಣಿಯ ಅಡಿಯಲ್ಲಿ ಅದನ್ನು ಹುಡುಕುವವರು ಯಾರು? ಅಜ್ಜಿಯ ಕಣ್ಣಿಗೆ ಕಾರೆಂದರೆ ಗಾಡಿ, ಕಾರ್ಪೆಟ್ಟೆಂದರೆ ಗಾಡಿಗೆ ಹಾಸುವ ಬಿದಿರಿನ ತಟ್ಟಿ. ತಟ್ಟಿಯನ್ನು ಸಾರಿಸದೆ ಮತ್ತೇನು ಮಾಡುತ್ತಾರೆ? ಅಷ್ಟರಲ್ಲಿ ಹಿಂದಿನಿಂದ ಬಂದ ಅಪ್ಪ ಇದನ್ನು ನೋಡಿ ಬಾಯಿ ತೆರೆದರು. ನಾನು ಮದುಮಗಳೆಂಬುದನ್ನೂ ಮರೆತು ಅವರ ಬಾಯಿಗೆ ಕೈ ಅಡ್ಡ ಹಿಡಿದೆ.

ನನಗೆ ಅಜ್ಜಿ ಗೊತ್ತು. ಅವ್ವ ಸತ್ತಾಗ ನನಗೆ ಹಾಲುಹಲ್ಲು. ಅಂದಿನಿಂದ ಸಾಕಿದವಳು ಅವಳೇ. ಒಮ್ಮೆ ಅವಳ ತಮ್ಮನ ಗೃಹಪ್ರವೇಶದಲ್ಲಿ ಅವಳ ಕೈಯಿಂದ ಸಾರಿಗೆ ಎರಡು ಸಲ ಉಪ್ಪು ಬಿದ್ದು, ಯಾರೋ ಒಬ್ಬಳು ಎಲೆಯ ಮುಂದೆ ಕೂತು ನಕ್ಕಿದ್ದಳು. ಅಜ್ಜಿ ಆಮೇಲೆ ಆ ಮನೆಯ ಹೊಸಿಲು ತುಳಿಯಲಿಲ್ಲ. ತಮ್ಮ ಬಂದು ಕಾಲು ಹಿಡಿದರೂ ಇಲ್ಲ. ಬೇರೆಯವರ ವಸ್ತು ತನ್ನ ಕೈಯಿಂದ ಕೆಟ್ಟಿತೆಂದು ಗೊತ್ತಾದರೆ ಈ ಕಾರಿನ ಹತ್ತಿರ ಬರುವುದಿರಲಿ, ಇದು ಹೋಗಿ ನಿಲ್ಲುವ ನನ್ನ ಗಂಡನ ಮನೆಗೂ ಅವಳು ಬರುವುದಿಲ್ಲ. ಒಂದು ಜನ್ಮಕ್ಕಾಗುವಷ್ಟು ನಾಚಿಕೊಂಡು ಮೂಲೆ ಸೇರುತ್ತಾಳೆ. ಅಜ್ಜಿ ಬಾರದ ಮನೆಯಲ್ಲಿ ನಾನು ಬಾಳುವುದಾದರೂ ಹೇಗೆ ಎಂದು ನನಗೆ ಅಳು ಬಂತು. ಎಲ್ಲರೂ ಅದನ್ನು ಹೊರಡುವ ಅಳು ಅಂದುಕೊಂಡರು.

ಚಕ್ರಪಾಣಿಯವರು ಗಂಟೆಗೆ ಸರಿಯಾಗಿ ಬಂದರು. ಕಚ್ಚೆಪಂಚೆ, ಕೋಟು, ಫಳಫಳ ಹೊಳೆಯುವ ಬೂಟು. ಪಕ್ಕದಲ್ಲಿ ಸತ್ಯಭಾಮಮ್ಮ. ಬಾಗಿಲು ತೆಗೆದು ಒಳಗೆ ಬಗ್ಗಿದವರು ಹಾಗೇ ನಿಂತರು. ಕುತ್ತಿಗೆಯ ಹಿಂಭಾಗ ಕೆಂಪಗಾಗುವುದು ನನಗೆ ಕಾಣುತ್ತಿತ್ತು. ಅಪ್ಪ ಕೈಯಲ್ಲಿದ್ದ ಟವೆಲನ್ನು ಹಿಂಡುತ್ತಿದ್ದರು.

“ಇನ್ನೂ ಹಸಿ ಐತೆ ಸ್ವಾಮಿ” ಎಂದಳು ಅಜ್ಜಿ, ಸಂಭ್ರಮದಿಂದ. “ನೋಡ್ಕಂಡು ಕಾಲಿಡಿ, ಜಾರ್ತದೆ.”

ಚಕ್ರಪಾಣಿಯವರು ಅಜ್ಜಿಯ ಕಡೆ ತಿರುಗಿದರು. ಅವಳ ಕೈ ನೋಡಿದರು, ಮುಖ ನೋಡಿದರು. ಆಮೇಲೆ ಕೊಟ್ಟಿಗೆಯ ಗೊಂತಿನ ಕಟ್ಟೆಯ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದರು. ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು. ಎರಡನ್ನೂ ಹೆಂಡತಿಯ ಕೈಗೆ ಕೊಟ್ಟು, “ಸಾರಿಸಿದ ನೆಲ. ಬೂಟು ಹಾಕ್ಕೊಂಡು ತುಳಿಯೋಕಾಗತ್ತಾ?” ಎಂದರು. ಬರಿಗಾಲಲ್ಲಿ ಒಳಗೆ ಕಾಲಿಟ್ಟು ಕೂತರು.

ಶ್ರೀನಗರದವರೆಗೂ ಅವರು ಬರಿಗಾಲಲ್ಲೇ ಕಾರು ಓಡಿಸಿದರು. ಸತ್ಯಭಾಮಮ್ಮ ಗಂಡನ ಬೂಟನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದರು. ನಮ್ಮನೆಯವರು ನನ್ನ ಪಕ್ಕ ಕೂತು, ಇದು ಈ ಊರಿನ ಪದ್ಧತಿಯಿರಬೇಕೆಂದು ತಾವೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು ಅಳುತ್ತಿದ್ದೆ, ನಡುವೆ ನಗುವೂ ಬರುತ್ತಿತ್ತು. ಆ ದಿನ ಚಕ್ರಪಾಣಿಯವರ ಮೇಲೆ ನನಗೆ ಹುಟ್ಟಿದ ಪ್ರೀತಿ ಇವತ್ತಿಗೂ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಒಳ್ಳೆಯತನಕ್ಕೆ ಅದರದೇ ಆದ ಪಜೀತಿಗಳಿರುತ್ತವೆ. ‘ಸ್ವಾಮ್ಯೋರು ನಾನು ಸಾರಿಸ್ದ ನೆಲಾನ ಬೂಟು ಬಿಚ್ಚಿ ತುಳುದ್ರು’ ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಳು. ಅಷ್ಟು ಮರ್ಯಾದೆ ಕೊಟ್ಟವರಿಗೆ ಏನೂ ಮಾಡದೆ ಸುಮ್ಮನಿರಲಾದೀತೇ? ಮುಂದಿನ ಶುಕ್ರವಾರ ಮನೆಯ ಜೊತೆ ಕಾರನ್ನೂ ಸಾರಿಸಿದಳು. ಅದರ ಮುಂದಿನ ಶುಕ್ರವಾರವೂ.

ಆಷಾಢಕ್ಕೆ ನಾನು ತವರಿಗೆ ಬರುವ ಹೊತ್ತಿಗೆ ಕಾರ್ಪೆಟ್ಟು ಹಪ್ಪಳದ ಹಾಗಾಗಿತ್ತು. ಕಾರು ಅಲುಗಿದರೆ ಒಣಗಿದ ಚಕ್ಕೆಗಳು ಏಳುತ್ತಿದ್ದವು. “ಬೆಳಿಗ್ಗೆ ಬೆಳಿಗ್ಗೆ ಬರಿಗಾಲಲ್ಲಿ ಹೊರಡ್ತಾರೆ ಕಣೆ, ಯಾತ್ರೆಗೆ ಹೊರಟ ಹಾಗೆ. ಜೊತೆಗೆ ಲಾಲ್‌ಬಾಗಿಗೆ ಬರ್ತಿದ್ದ ಸ್ನೇಹಿತರು ಈಗ ನಡೆದೇ ಹೋಗ್ತೀವಿ, ಆರೋಗ್ಯಕ್ಕೆ ಒಳ್ಳೇದು ಅಂತಾರಂತೆ” ಎಂದು ಸತ್ಯಭಾಮಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಜ್ಜಿಗೆ ಹೇಳಿಬಿಡಬಾರದಾ ಎಂದು ಕೇಳಿದೆ. ಆಕೆ ನಗು ನಿಲ್ಲಿಸಿದರು. “ನಾನೂ ಅದೇ ಅಂದೆ. ‘ಒಂದು ಚೂರು ಉಣ್ಣೆಗೋಸ್ಕರ ಆ ಮುದುಕಿ ಮುಖ ಬಾಡೋದನ್ನ ನಾನು ನೋಡಲ್ಲ’ ಅಂದ್ಬಿಟ್ರು. ನನ್ನ ಕಾಫಿಗೆ ಎಷ್ಟು ದಿನ ಮಾತು ಬಿಟ್ಟಿದ್ರು ಗೊತ್ತಾ ನಿನಗೆ?”

ಆದರೂ ಆಕೆ ಒಂದು ಉಪಾಯ ಮಾಡಿದರು. ಸಿದ್ದಾಪುರದಲ್ಲಿ ಕಾರಿನ ಸೀಟು ಹೊಲಿಯುವ ಕರಿಬಸವಯ್ಯ ಎಂಬುವನಿಗೆ ಹೊಸ ಕಾರ್ಪೆಟ್ಟು ಹಾಕಲು ಹೇಳಿದರು. ಹಳೆಯದು ತಾನಾಗಿ ಸವೆದುಹೋಯಿತು, ಹೊಸದರ ಬಣ್ಣ ಬಿಡುತ್ತದಾದ್ದರಿಂದ ಇನ್ನು ಸಾರಿಸುವಂತಿಲ್ಲ ಎಂದು ಅಜ್ಜಿಗೆ ನಯವಾಗಿ ಹೇಳಿದರಾಯಿತು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಕರಿಬಸವಯ್ಯ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದ. ಸತ್ಯಭಾಮಮ್ಮ ಇನ್ನೂ ಬಂದಿರಲಿಲ್ಲ. ಕೊಟ್ಟಿಗೆಯಲ್ಲಿ ಅಜ್ಜಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು, ನಾನು ಕಲಗಚ್ಚು ಕಲಸುತ್ತಿದ್ದೆ.

ಅವನು ಬಾಗಿಲು ತೆಗೆದವನೇ ಹಣೆ ಬಡಿದುಕೊಂಡ. “ಶಿವನೇ! ಇದೇನಿದು ಅನ್ಯಾಯ! ಸೀಮೆ ಕಾರ್ಪೆಟ್ಟು ತಾಯಿ ಇದು, ಉಣ್ಣೇದು. ಇಂಥದ್ದು ಈಗ ಹುಡುಕಿದ್ರೂ ಸಿಗಲ್ಲ. ಇದ್ರ ಮೇಲೆ ಸಗಣಿ ಬಳಿದು ಸಾಯ್ಸಿಬಿಟ್ಟಿದಾರಲ್ಲ! ಯಾವ ತಲೆ ನೆಟ್ಟಗಿಲ್ಲದೋರು ಮಾಡಿದ್ದು ಇದನ್ನ?”

ನಾನು ಕಣ್ಣು ಮಿಟುಕಿಸಿದೆ, ಕೈ ಆಡಿಸಿದೆ. ಅವನು ನನ್ನ ಕಡೆ ನೋಡಲಿಲ್ಲ.

ಅಜ್ಜಿ ಹುಲ್ಲಿನ ಕಂತೆಯನ್ನು ಕೆಳಗಿಟ್ಟಳು. “ನಾನೇ ಕಣಪ್ಪ ಮಾಡಿದ್ದು” ಎಂದಳು.

ಅವನು ಕಿತ್ತು ಹಾಕಿದ ಹಳೆಯ ಕಾರ್ಪೆಟ್ಟನ್ನು ಅಜ್ಜಿ ಎತ್ತಿಕೊಂಡು ಬಾವಿಕಟ್ಟೆಗೆ ಹೋದಳು. ಮಧ್ಯಾಹ್ನವೆಲ್ಲ ಅದನ್ನು ಒಗೆದಳು. ನಾನು ಕೈ ಹಾಕಲು ಹೋದರೆ ಬಿಡಲಿಲ್ಲ. ಒಗೆದಷ್ಟೂ ಹಸಿರು ನೀರು ಬರುತ್ತಿತ್ತು. ಕೊನೆಗೆ ನೆನೆದ ಉಣ್ಣೆ ಎಳೆ ಎಳೆಯಾಗಿ ಅವಳ ಕೈಗೇ ಬರತೊಡಗಿತು. ಆ ಎಳೆಗಳನ್ನು ಬೆರಳಲ್ಲಿ ಹಿಡಿದು ನೋಡಿ, “ಕಂಬಳಿ ಕಣೇ ಇದು” ಎಂದಳು. “ಕಂಬಳೀನ ಸಾರಿಸಿಬಿಟ್ನಲ್ಲೇ.” ಅಷ್ಟೇ ಅಂದಳು.

ಸಂಜೆ ವಿಷಯ ತಿಳಿದು ಚಕ್ರಪಾಣಿಯವರು ಓಡಿ ಬಂದರು. ಅಜ್ಜಿ ಜಗಲಿಯ ಕಂಬದ ಮರೆಗೆ ಸರಿದು ಕೂತಳು.

“ನಂಗೆ ಯಾಕೆ ಹೇಳ್ಳಿಲ್ಲ ಸ್ವಾಮಿ? ಶುಕ್ರವಾರ ಶುಕ್ರವಾರ ಬಳುದ್ನಲ್ಲ. ಎಲ್ಲಾರೂ ನಗ್ತಿದ್ರೇನೋ.”

“ನನ್ನ ಹೆಂಡತಿ ನಕ್ಕಳು, ಅದು ನಿಜ” ಎಂದರು ಚಕ್ರಪಾಣಿಯವರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ನಾನು ನಗಲಿಲ್ಲ ಮಂಗಮ್ಮ. ಮೊದಲು ಸಿಟ್ಟು ಬಂತು, ಅದೂ ನಿಜ. ಮೂರು ದಿನ ಊಟ ಸೇರಲಿಲ್ಲ. ಆಮೇಲೆ ಕೂತು ಯೋಚನೆ ಮಾಡ್ದೆ. ನಮಗೆ ಮಕ್ಕಳಿಲ್ಲ. ನಮ್ಮ ಕಾರನ್ನ ಮದುವೆ ಗಾಡಿ ಅಂತ ಯಾರು ಸಾರಿಸ್ತಿದ್ರು ಹೇಳು? ನೀನು ಸಾರಿಸಿದ್ದಕ್ಕೆ ಅದು ಮನೆ ಮಗಳು ಹೊರಟ ಗಾಡಿ ಆಯ್ತು. ನನಗೆ ಅಷ್ಟು ಸಾಕಮ್ಮ.”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಂಬದ ಮರೆಯಿಂದ ಈಚೆಗೆ ಬರಲಿಲ್ಲ. ಅವರು ಮನೆಗೆ ಹೋದರು. ಅಂದಿನಿಂದ ಅಜ್ಜಿ ಹಸುವಿಗೆ ಹುಲ್ಲು ಹಾಕಲು ಹಿಂದಿನ ಬಾಗಿಲಿನಿಂದ ಹೋಗಿ ಬರತೊಡಗಿದಳು, ಕಾರು ಕಣ್ಣಿಗೆ ಬೀಳದ ಹಾಗೆ.

ಶ್ರಾವಣ ಬಂತು. ನಾನು ಗಂಡನ ಮನೆಗೆ ಹೊರಡಬೇಕು. ಅಜ್ಜಿ ಜೊತೆಗೆ ಬಂದು, ನನ್ನ ಮನೆ ನೋಡಿ, ನಾಲ್ಕು ದಿನ ಇದ್ದು ಹೋಗುವುದೆಂದು ಮೊದಲೇ ಮಾತಾಗಿತ್ತು. ಈಗ, “ನಿಮ್ಮಪ್ಪ ಬತ್ತಾನೆ ಬುಡು” ಎಂದಳು. ನಾನು ಹೆದರಿದ್ದು ಇದಕ್ಕೇ. ಗೋಗರೆದೆ, ಜಗಳ ಆಡಿದೆ, ನೀನು ಬರದಿದ್ದರೆ ನಾನೂ ಹೋಗುವುದಿಲ್ಲ ಎಂದು ಗಂಟು ಬಿಚ್ಚಿ ಸೀರೆಗಳನ್ನೆಲ್ಲ ಹೊರಗೆಳೆದೆ. ಗಂಡನ ಮನೆಗೆ ಹೋಗಲೊಲ್ಲದ ಹೆಣ್ಣು ಎಂಬ ಮಾತು ಬಂದೀತೆಂದು ಹೆದರಿ, “ಆಯ್ತು, ಬತ್ತೀನಿ. ಬಸ್ಸಲ್ಲಿ ಬತ್ತೀನಿ” ಎಂದಳು.

ನಾವು ಗಂಟು ಹೊತ್ತು ಹೊರಗೆ ಬಂದರೆ ಬಾಗಿಲ ಮುಂದೆ ಕಾರು ನಿಂತಿತ್ತು. ಚಕ್ರಪಾಣಿಯವರು ಹಿಂದಿನ ಬಾಗಿಲು ತೆಗೆದು ಹಿಡಿದು ನಿಂತಿದ್ದರು. ಜಿಟಿಜಿಟಿ ಮಳೆ. ಅವರ ಕೋಟು ನೆನೆಯುತ್ತಿತ್ತು. ಅಕ್ಕಪಕ್ಕದ ಮನೆಗಳವರು ಒಬ್ಬೊಬ್ಬರೇ ಬಾಗಿಲಿಗೆ ಬಂದು ನಿಂತರು. ವಯಸ್ಸಾದ ಬ್ರಾಹ್ಮಣ ತನಗಾಗಿ ಮಳೆಯಲ್ಲಿ ನೆನೆಯುವುದನ್ನು ಅಜ್ಜಿಯಿಂದ ಎಷ್ಟು ಹೊತ್ತು ನೋಡಲಾದೀತು? ಕೊನೆಗೆ ಜಗಲಿಯ ಮೇಲಿದ್ದ ಚೊಂಬಿನ ನೀರಿನಲ್ಲಿ ಕಾಲು ತೊಳೆದು, ಒರೆಸಿಕೊಂಡು, ನನ್ನ ಭುಜ ಹಿಡಿದು ಕಾರು ಹತ್ತಿದಳು. ಅದು ಅವಳ ಜೀವಮಾನದಲ್ಲೇ ಮೊದಲನೆಯ ಸಲ.

ಕೆಳಗೆ ಕರಿಬಸವಯ್ಯ ಹಾಕಿದ ಹೊಸ ಕಾರ್ಪೆಟ್ಟು. ಗಾಢ ಕೆಂಪು, ದಪ್ಪ ನವಿರು. ಸತ್ಯಭಾಮಮ್ಮ ಮುಂದೆ ಕೂತರು. ಕಾರು ಹೊರಟ ಮೇಲೆ ನೋಡುತ್ತೇನೆ, ಅಜ್ಜಿ ಕಾಲು ಕೆಳಗಿಟ್ಟಿಲ್ಲ. ಸೀಟಿನ ಅಂಚಿಗೆ ಕೂತು, ಎರಡೂ ಕೈಯಲ್ಲಿ ಮುಂದಿನ ಸೀಟನ್ನು ಹಿಡಿದು, ಪಾದಗಳನ್ನು ನೆಲದಿಂದ ಗೇಣುದ್ದ ಎತ್ತಿ ಹಿಡಿದಿದ್ದಳು.

“ಕಾಲು ಇಳಿಸಜ್ಜಿ” ಎಂದೆ.

“ಬ್ಯಾಡ. ಆರಾಮಾಗೈತೆ.”

ಸೌತ್ ಎಂಡ್ ಸರ್ಕಲ್ಲು ದಾಟಿತು. ಅಜ್ಜಿಯ ತೊಡೆ ನಡುಗುವುದು ನನ್ನ ತೊಡೆಗೆ ತಿಳಿಯುತ್ತಿತ್ತು. ಹಳ್ಳ ಬಂದಾಗಲೆಲ್ಲ ಕಾಲು ಜಾರಿ ಇಳಿಯುತ್ತಿತ್ತು, ಬೆಂಕಿ ತಗುಲಿದ ಹಾಗೆ ಮತ್ತೆ ಎತ್ತಿಕೊಳ್ಳುತ್ತಿದ್ದಳು. ಗಾಂಧಿ ಬಜಾರು ದಾಟಿತು. “ಮಂಗಮ್ಮ, ಸರಿಯಾಗಿ ಕೂತ್ಕೊಳಮ್ಮ” ಎಂದು ಸತ್ಯಭಾಮಮ್ಮ ಹೇಳಿದರು. “ಕೂತಿವ್ನಿ ಅಮ್ಮಾವ್ರೆ” ಎಂದಳು ಅಜ್ಜಿ. ಹಣೆಯಲ್ಲಿ ಬೆವರು. ನನಗೆ ಅವಳ ಮೇಲೆ ಸಿಟ್ಟೂ ಸಂಕಟವೂ ಒಟ್ಟಿಗೇ ಬಂದವು. ಈ ಹೆಂಗಸು ಇನ್ನು ಸಾಯುವ ತನಕ ಹೀಗೆಯೇ ಕಾಲೆತ್ತಿಕೊಂಡು ಬದುಕುತ್ತಾಳೆ ಎನ್ನಿಸಿತು.

ಚಕ್ರಪಾಣಿಯವರು ಎದುರಿನ ಪುಟ್ಟ ಕನ್ನಡಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಹನುಮಂತನಗರದ ಏರಿನ ಬುಡದಲ್ಲಿ ಕಾರು ನಿಲ್ಲಿಸಿದರು. ಇಳಿದರು. ರಸ್ತೆ ಬದಿಗೆ ಹೋಗಿ, ಪಂಚೆ ಎತ್ತಿಕೊಂಡು ಕುಕ್ಕರುಗಾಲಲ್ಲಿ ಕೂತರು. ಕಾರು ಕೆಟ್ಟಿತೇನೋ ಎಂದು ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಮಳೆ ನೀರಲ್ಲಿ ಕಲಸಿಹೋಗಿದ್ದ ಕೆಂಪು ಕೆಸರನ್ನು ಅವರು ಎರಡೂ ಬೊಗಸೆಯಲ್ಲಿ ತುಂಬಿಕೊಳ್ಳುತ್ತಿದ್ದರು.

“ರೀ, ಏನ್ರೀ ಅದು!” ಎಂದರು ಸತ್ಯಭಾಮಮ್ಮ.

ಅವರು ಬಂದು ಮೊಣಕೈಯಿಂದ ಅಜ್ಜಿಯ ಕಡೆಯ ಬಾಗಿಲು ತೆಗೆಯಲು ಒದ್ದಾಡಿದರು. ನಾನೇ ಒಳಗಿನಿಂದ ತೆಗೆದೆ. ಬೊಗಸೆಯ ಕೆಸರನ್ನು ಹೊಸ ಕಾರ್ಪೆಟ್ಟಿನ ಮೇಲೆ, ಅಜ್ಜಿಯ ಎತ್ತಿದ ಕಾಲುಗಳ ಕೆಳಗೆ ಸುರಿದರು. ಸುರಿದು ಸುಮ್ಮನಾಗಲಿಲ್ಲ. ಅಂಗೈಯಿಂದ ಚೆನ್ನಾಗಿ ಉಜ್ಜಿದರು, ನವಿರಿನ ಒಳಗೆ ಇಳಿಯುವ ಹಾಗೆ.

“ಈಗ ನಿನ್ನ ಕಾಲಿಗಿಂತ ಅದೇ ಕೊಳೆ” ಎಂದರು. “ಇಳಿಸಮ್ಮ ಕಾಲು.”

ಅಜ್ಜಿ ಕಾರ್ಪೆಟ್ಟು ನೋಡಲಿಲ್ಲ, ಅವರ ಕೈ ನೋಡಿದಳು. ಮಣಿಕಟ್ಟಿನವರೆಗೂ ಕೆಸರಾಗಿದ್ದ ಆ ಕೈಗಳನ್ನು ಹಿಡಿದು, ಪಯಣಕ್ಕೆಂದು ಉಟ್ಟಿದ್ದ ಸೀರೆಯ ಸೆರಗಿನಿಂದ ಒಂದೊಂದೇ ಬೆರಳನ್ನು ಒರೆಸಿದಳು. ಮಗುವಿನ ಕೈ ಒರೆಸುವ ಹಾಗೆ. ಅವರು ಮಳೆಯಲ್ಲಿ ಬಗ್ಗಿ ನಿಂತು ಒರೆಸಿಕೊಂಡರು.

ಆಮೇಲೆ ಅಜ್ಜಿ ಒಂದು ಕಾಲು ಕೆಳಗಿಟ್ಟಳು. ಸ್ವಲ್ಪ ತಡೆದು ಇನ್ನೊಂದನ್ನೂ ಇಟ್ಟಳು. ಕಾರು ಏರು ಹತ್ತುವಾಗ ನನ್ನ ಕಡೆ ವಾಲಿ, ಯಾರಿಗೂ ಕೇಳದ ಹಾಗೆ ಹೇಳಿದಳು: “ಎಷ್ಟು ಮೆತ್ತಗೈತೆ ಕಣೇ, ಲಚ್ಚಿ.”